ಕಲ್ಲಿನ ಪೆಟ್ಟಿಗೆ ಮತ್ತು ನಮ್ಮ ಹಫ್ತ್ ಗುಂಬಜ್

ಪ್ರಾಚೀನ ಗ್ರೀಕ್ ಲೋಕದಲ್ಲಿ ರಾಜರ ಮತ್ತು ಸಿರಿವಂತರ ಶವಗಳನ್ನು ಕೆತ್ತನೆಯ ಕಲ್ಲಿನ ಪೆಟ್ಟಿಗೆಗಳಲ್ಲಿ ಇರಿಸುವುದುಂಟು. ಅಂಥ ಪೆಟ್ಟಿಗೆಗೆ ‘ಸಾರ್ಕೊಫಾಗಸ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಮಾಂಸಭಕ್ಷಕ’. ಅಸ್ಸೋಸ್ ಎಂಬ ಊರಿನ ಕಲ್ಲು 40 ದಿನಗಳಲ್ಲಿ ಹಲ್ಲುಗಳನ್ನುಳಿದು ಇಡೀ ದೇಹವನ್ನು ಕರಗಿಸುತ್ತದೆಯೆಂದು ರೋಮಿನ ಪ್ಲಿನಿ ಬರೆದಿದ್ದಾನೆ.

ಕಮಲಾಪುರದಲ್ಲಿ ಅಧ್ಯಾಪಕನಾಗಿದ್ದಾಗ ಈ ಅರ್ಥವನ್ನು ಹೇಳಿದೊಡನೆ ಹುಡುಗನೊಬ್ಬ ಎದ್ದು, “ನಮ್ಮ ಗುಲಬರ್ಗಾದ ಗುಂಬಜದಾಗೂ ಇಂಥಾ ಪೆಟ್ಟಿಗಿ ಅವೇನ್ರಿ ಸರ?” ಎಂದು ಕೇಳಿದ್ದ. ಇಲ್ಲ. ಇಸ್ಲಾಮೀ ಪದ್ಧತಿಯಲ್ಲಿ ದೇಹ ಮಣ್ಣಿಗೆ ಸೇರುತ್ತದೆ. ಮೇಲೆ ಕಾಣುವ ಕಲ್ಲಿನ ಗೋರಿ ಕೇವಲ ಗುರುತು. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೋಲಿಕೆ ಬೇರೊಂದು ಕಡೆ ಇದೆ.

1887ರಲ್ಲಿ ಇಂದಿನ ಲೆಬನಾನಿನ ಸೈದಾದಲ್ಲಿ, ಅಂದರೆ ಹಳೆಯ ಸಿಡಾನಿನಲ್ಲಿ, ದೊರೆತ ಅಮೃತಶಿಲೆಯ ಪೆಟ್ಟಿಗೆ ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ‘ಅಲೆಕ್ಸಾಂಡರನ ಶವಪೆಟ್ಟಿಗೆ’ ಎಂದೇ ಅದು ಪ್ರಸಿದ್ಧ. ಆದರೆ ಅದರಲ್ಲಿ ಮಲಗಿದ್ದವನು ಅಲೆಕ್ಸಾಂಡರನಲ್ಲ; ಸಿಡಾನಿನ ಅರಸ ಅಬ್ದಲೋನಿಮಸ್ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅರಸ ಫಿನೀಷಿಯನ್, ಕೆತ್ತನೆಯ ಶೈಲಿ ಗ್ರೀಕ್. ಒಂದು ಪಕ್ಕದಲ್ಲಿ ಗ್ರೀಕರೂ ಪರ್ಷಿಯನ್ನರೂ ಕಾದಾಡುತ್ತಾರೆ. ಇನ್ನೊಂದು ಪಕ್ಕದಲ್ಲಿ ಅದೇ ಜನ ಕೂಡಿ ಸಿಂಹದ ಬೇಟೆಯಾಡುತ್ತಾರೆ.

ಕಲಬುರಗಿಯ ಪೂರ್ವದಲ್ಲಿರುವ ಹಫ್ತ್ ಗುಂಬಜಿಗೆ ಬನ್ನಿ. 1422ರಲ್ಲಿ ತೀರಿಕೊಂಡ ಫಿರೋಜ್ ಶಾಹ ಬಹಮನಿಯ ಜೋಡಿ ಗುಮ್ಮಟದ ಸಮಾಧಿಯನ್ನು ನೋಡಿ. ಒಳಗಿರುವವನು ವಿಜಯನಗರದೊಡನೆ ಯುದ್ಧ ಮಾಡಿದ ಸುಲ್ತಾನ. ಬಾಗಿಲ ಮೇಲಣ ಚಾಚುಮಾಡನ್ನು ಹೊತ್ತಿರುವ ಕಲ್ಲಿನ ಆನಿಕೆಗಳಾದರೋ ನಮ್ಮ ದೇವಾಲಯಗಳ ಶಿಲ್ಪ ಸಂಪ್ರದಾಯದವು. ಆ ಶಿಲ್ಪಿಗಳ ಹೆಸರನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಅವರ ಉಳಿಯ ಕೆಲಸ ಮಾತ್ರ ಉಳಿದಿದೆ. ನಾವು ತರಗತಿಯಲ್ಲಿ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದೆವು. ಆದರೆ ಈ ಕಲ್ಲುಗಳನ್ನು ಮಕ್ಕಳಿಗೆ ತೋರಿಸಿದವರೆಷ್ಟು ಮಂದಿ?

ಫಿರೋಜನ ತಮ್ಮ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಕಮಲಾಪುರದ ಮೂಲಕ ಹಾಯುವ ಹುಮನಾಬಾದ್ ರಸ್ತೆಯಲ್ಲಿ ಮುಂದುವರಿದರೆ ಬೀದರ್. ಅದರಾಚೆಯ ಅಷ್ಟೂರಿನಲ್ಲಿ ಅವನ ಸಮಾಧಿ. ಅಲ್ಲಿನ ಉರುಸಿಗೆ ನಮ್ಮ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಭಕ್ತರೊಡನೆ ಕಾಲ್ನಡಿಗೆಯಲ್ಲಿ ಬರುವ ಪದ್ಧತಿಯಿದೆ. ಸಿಡಾನಿನ ಪೆಟ್ಟಿಗೆಯನ್ನು ನೋಡಲು ಇಸ್ತಾಂಬುಲಿಗೆ ಹೋಗಬೇಕು. ಹಫ್ತ್ ಗುಂಬಜಿಗೆ ನಗರದ ಶಾಲೆಯ ಮಕ್ಕಳು ಒಂದೇ ಬೆಳಗಿನಲ್ಲಿ ಹೋಗಿಬರಬಹುದು. ಮೇಷ್ಟ್ರುಗಳು ದಯವಿಟ್ಟು ಕರೆದೊಯ್ಯಲಿ; ಗುಮ್ಮಟದ ಎತ್ತರವನ್ನಷ್ಟೇ ಅಲ್ಲದೆ ಬಾಗಿಲ ಮೇಲಣ ಆ ಆನಿಕೆಗಳನ್ನೂ ತೋರಿಸಲಿ.