ಕ್ಲಾಸಿಕ್ಕಾ, ಜಾವಾನಾ? ಹಳೇ ಹೆಸರಿಗೆ ಎಷ್ಟು ರೊಕ್ಕ ಕೊಡಬೇಕು?

ಹುಲಿಗಿಯಿಂದ ಮಾತಾಡಾಕತ್ತೀನಿ. ಹುಣ್ಣಿವಿ ದಿನ ಹುಲಿಗೆಮ್ಮನ ಗುಡಿ ಕಡೆ ಬಂದ್ರ ಪೂಜೆಗೆ ನಿಂತ ಹೊಸ ಗಾಡಿಗಳು ಕಾಣ್ತಾವ. ಅದರಾಗ ದುಂಡನೆ ಹೆಡ್‌ಲೈಟು, ಉಬ್ಬಿದ ಟ್ಯಾಂಕು, ಉದ್ದನೆ ಸೈಲೆನ್ಸರ್ ಇರೋ ‘ಹಳೇ ಕಾಲದ ಹೊಸ ಗಾಡಿ’ ಅಂದ್ರ ಹುಡುಗರಿಗೆ ಭಾಳ ಇಷ್ಟ. ತಗೊಳ್ಳಾಕ ಹೊಂಟವರು ಕೇಳೋದು ಒಂದೇ ಪ್ರಶ್ನೆ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಳ್ಳೋದೋ, ಜಾವಾ 350 ತಗೊಳ್ಳೋದೋ?

ಎರಡೂ ಆನ್‌ರೋಡ್ ಎರಡು ಲಕ್ಷ ದಾಟ್ತಾವ. ನಮ್ಮ ಕಡೆ ಹೆಚ್ಚಿನವರು ಇದನ್ನ ಇಎಂಐ ಮ್ಯಾಲೆ ತಗೊಳ್ಳೋದು. ಅಂದ್ರ ಎರಡು ಮೂರು ವರ್ಷದ ಪಗಾರ ಅಡ ಇಟ್ಟಂಗ. ಶೋರೂಮ್‌ನಾಗ ಇಬ್ಬರೂ ಮೊದಲು ಮಾರೋದು ಇತಿಹಾಸ. ನಾನು ಬಿ.ಕಾಂ. ಓದಿದವ. ಬ್ಯಾಲೆನ್ಸ್ ಶೀಟಿನ ಆಸ್ತಿ ಪಟ್ಟಿಯಲ್ಲಿ ‘ಗುಡ್‌ವಿಲ್’ ಅಂತ ಒಂದು ಸಾಲು ಇರ್ತದ. ಕೈಗೆ ಸಿಗಲ್ಲ, ಆದ್ರ ಅದಕ್ಕೂ ಬೆಲೆ ಐತಿ. ಇವತ್ತು ಆ ಸಾಲಿನ ಲೆಕ್ಕ ನೋಡೋಣ.

ಮೊದಲು ಜಾವಾ. ಯಾಕಂದ್ರ ಅದು ನಮ್ಮ ಮೈಸೂರಿನ ಕಥೆ.

1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಸುವ ಹಕ್ಕು ತಗೊಂಡರು. ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿಸಿದರೆ ‘ಜಾವಾ’. ಮುಂಬೈಯ ಇರಾನಿ ಕುಟುಂಬ 1950ರ ದಶಕದಲ್ಲಿ ಆ ಗಾಡಿಗಳನ್ನು ಹೊರಗಿನಿಂದ ತರಿಸಿ ಮಾರುತ್ತಿತ್ತು. ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಇಲ್ಲೇ ತಯಾರಿಸುವ ದಾರಿ ಹಿಡಿಯಿತು. ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಫ್ಯಾಕ್ಟರಿ ಹಾಕಿ 1961ರ ಹೊತ್ತಿಗೆ ಗಾಡಿ ತೆಗೆಯಲು ಶುರುಮಾಡಿತು. 1973ರಿಂದ ಅದೇ ಫ್ಯಾಕ್ಟರಿಯ ಗಾಡಿ ‘ಯೆಜ್ಡಿ’ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು.

ಆ ಗಾಡಿ ಹೆಂಗಿತ್ತು? 250 ಸಿಸಿ, ಟೂ ಸ್ಟ್ರೋಕ್. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ನಿಮ್ಮ ಕಾಕಾನ್ನೋ ಮಾಮಾನ್ನೋ ಕೇಳಿ ನೋಡ್ರಿ, ಆ ಸದ್ದನ್ನ ಬಾಯಲ್ಲೇ ಮಾಡಿ ತೋರಿಸ್ತಾರ.

1980ರ ದಶಕದ ನಡುವೆ ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಿಸಿದ 100 ಸಿಸಿ ಗಾಡಿಗಳು ಬಂದವು. ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ. ಹಗುರ ಗಾಡಿ, ಸಿಡಿ 100 ಅಂತೂ ಮೈಲೇಜಿಗೆ ಹೆಸರುವಾಸಿ. ಮುಂದೆ 1990ರ ದಶಕದಲ್ಲಿ ಹೊಗೆಯ ನಿಯಮ ಬಿಗಿಯಾಯಿತು, ಟೂ ಸ್ಟ್ರೋಕಿಗೆ ಅದು ದೊಡ್ಡ ಹೊಡೆತ. ಫ್ಯಾಕ್ಟರಿಯೊಳಗೆ ಕಾರ್ಮಿಕರ ಜೊತೆ ತಕರಾರೂ ಇತ್ತು. 1996ರಲ್ಲಿ ಬಾಗಿಲು ಮುಚ್ಚಿತು. ಆ ಪಗಾರ ನಂಬಿಕೊಂಡಿದ್ದ ಮೈಸೂರಿನ ಮನೆಗಳಿಗೆ ಅದು ‘ರೆಟ್ರೋ’ ಅಲ್ಲ ರೀ, ನೌಕರಿ ಹೋದ ದಿನ.

ಇನ್ನು ಎನ್‌ಫೀಲ್ಡ್. ಅದರ ಮೂಲ ಇಂಗ್ಲೆಂಡಿನ ರೆಡಿಚ್. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಮುಖ್ಯವಾಗಿ ನಮ್ಮ ಸೈನ್ಯಕ್ಕೆ ಬುಲೆಟ್ ಬೇಕಿತ್ತು ಅಂತ. ಮುಂದೆ ಇಂಗ್ಲೆಂಡಿನ ಮೂಲ ಕಂಪನಿಯೇ ಮುಚ್ಚಿತು, ಮದ್ರಾಸಿನ ಫ್ಯಾಕ್ಟರಿ ಉಳಿಯಿತು. ಆದರೆ ಅದೂ ಸಲೀಸಾಗಿ ಉಳಿದಿದ್ದಲ್ಲ. 1994ರಲ್ಲಿ ಐಷರ್ ಕೈಗೆ ಬಂತು. 2000ದ ಹೊತ್ತಿಗೆ ಮಾರಾಟ ಕುಸಿದು, ಮುಚ್ಚಬೇಕು ಇಲ್ಲ ಮಾರಬೇಕು ಅನ್ನೋ ಮಾತು ಬಂದಿತ್ತು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಸಿದ್ಧಾರ್ಥ ಲಾಲ್ ಹೊಣೆ ಹೊತ್ತರು, ಕಂಪನಿ ಚೇತರಿಸಿಕೊಂಡಿತು. 2009ರಲ್ಲಿ ಬಂದ ಕ್ಲಾಸಿಕ್ ಆ ಕಥೆಯನ್ನೇ ಬದಲಿಸಿತು.

ಹಂಗಾದ್ರ ಎನ್‌ಫೀಲ್ಡ್ ಅಸಲಿ, ಜಾವಾ ಬರೀ ಹೆಸರು ಅಂತೀರೇನು? ಸ್ವಲ್ಪ ನಿಲ್ರಿ.

ಇವತ್ತಿನ ಕ್ಲಾಸಿಕ್‌ನಲ್ಲಿ ಆ ಹಳೇ ಬುಲೆಟ್ಟಿನ ಬೀಡಿನ ಎಂಜಿನ್ ಇಲ್ಲ. ಬಲಗಾಲಿನ ಗೇರ್ ಇಲ್ಲ. 2021ರಲ್ಲಿ ಎಂಜಿನ್, ಚಾಸಿ ಎರಡನ್ನೂ ಪೂರ್ತಿ ಹೊಸದಾಗಿ ಮಾಡಿದರು. ಆ ಕಡೆ ಜಾವಾ 2018ರ ನವೆಂಬರ್‌ನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಅನ್ನೋ ಕಂಪನಿ ಮೂಲಕ ವಾಪಸ್ ಬಂತು. ಅದರಲ್ಲಿ ದೊಡ್ಡ ಪಾಲು ಮಹೀಂದ್ರಾದ್ದು, ಹಳೇ ಇರಾನಿ ಕುಟುಂಬದ ಬೊಮನ್ ಇರಾನಿಯೂ ಅದರ ಸ್ಥಾಪಕರಲ್ಲೊಬ್ಬರು. ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ. 2022ರಲ್ಲಿ ಯೆಜ್ಡಿಯೂ ಬಂತು. ಮುಚ್ಚಿದ ಕಂಪನಿಯ ಆ ಹೆಸರು ಯಾರ ಆಸ್ತಿ ಅನ್ನೋ ಜಗಳ ಕರ್ನಾಟಕ ಹೈಕೋರ್ಟ್‌ವರೆಗೂ ಹೋಯಿತು. ನೋಡ್ರಿ, ಫ್ಯಾಕ್ಟರಿ ಸತ್ತರೂ ಹೆಸರಿಗೆ ಎಷ್ಟು ಬೆಲೆ!

ಅಂದ್ರ ಎರಡೂ ಹೊಸ ಗಾಡಿನೇ. ಹಳೇದು ಅಂಗಿ ಮಾತ್ರ. ಅದಕ್ಕ ಅಂಗಿ ಬಿಟ್ಟು ಒಳಗ ನೋಡೋಣ. ಕ್ಲಾಸಿಕ್ 349 ಸಿಸಿ, ಗಾಳಿ ಮತ್ತು ಆಯಿಲ್‌ನಿಂದ ತಂಪಾಗೋ ಎಂಜಿನ್, ಐದು ಗೇರ್. ಜಾವಾ 334 ಸಿಸಿ, ರೇಡಿಯೇಟರ್ ಇರೋ ಲಿಕ್ವಿಡ್ ಕೂಲಿಂಗ್, ಆರು ಗೇರ್. ಕುಷ್ಟಗಿ ಹೆದ್ದಾರಿಯಲ್ಲಿ ದೂರ ಹೋಗೋರಿಗೆ ಆರನೇ ಗೇರ್ ಹಿಡಿಸಬಹುದು. ಊರೊಳಗೆ ನಿಧಾನಕ್ಕೆ, ಕಡಿಮೆ ಸ್ಪೀಡಿನಲ್ಲಿ ಎಳಕೊಂಡು ಹೋಗೋದು ಬೇಕು ಅನ್ನೋರಿಗೆ ಕ್ಲಾಸಿಕ್ ಹಿಡಿಸಬಹುದು. ರೇಡಿಯೇಟರ್ ಇದ್ರ ಕೂಲೆಂಟ್ ನೋಡ್ಕೊಳ್ಳೋ ಕೆಲಸ ಒಂದು ಜಾಸ್ತಿ. ತೆರಿಗೆಯಲ್ಲಿ ಎರಡೂ ಒಂದೇ: 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿನಿಂದ 18ಕ್ಕೆ ಇಳಿದೈತಿ.

ಇತಿಹಾಸ ನಿಜವಾಗಿ ಕೆಲಸಕ್ಕೆ ಬರೋದು ಬೇರೆ ಕಡೆ. 1996ರ ನಂತರ ಯೆಜ್ಡಿಗಳು ಯಾಕೆ ಉಳಿದವು? ಕಂಪನಿಯಿಂದಲ್ಲ. ಗ್ಯಾರೇಜಿನ ಮೇಸ್ತ್ರಿಗಳಿಂದ, ಹಳೇ ಪಾರ್ಟ್ ಹುಡುಕಿ ತರೋರಿಂದ, ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸೋ ಕ್ಲಬ್‌ಗಳಿಂದ. ಇವತ್ತಿನ ಗಾಡಿಗಳಲ್ಲಿ ಸೆನ್ಸರ್, ಫ್ಯೂಯಲ್ ಇಂಜೆಕ್ಷನ್ ಇರೋದರಿಂದ ಮೂಲೆ ಗ್ಯಾರೇಜಿನಲ್ಲಿ ಎಲ್ಲಾ ರಿಪೇರಿ ಆಗಲ್ಲ. ಅದಕ್ಕ ಅಡ್ವಾನ್ಸ್ ಕೊಡೋ ಮೊದಲು ಮೂರು ಮಾತು ಕೇಳ್ರಿ. ಸರ್ವಿಸ್ ಸೆಂಟರ್ ಹೊಸಪೇಟೆಯಲ್ಲಿ ಐತೋ, ಕೊಪ್ಪಳದಲ್ಲಿ ಐತೋ, ಹುಬ್ಬಳ್ಳಿಗೇ ಹೋಗಬೇಕೋ? ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಅಲ್ಲಿ ಇವತ್ತೇ ಸಿಗ್ತಾವೋ, ಆರ್ಡರ್ ಹಾಕಿ ಕಾಯಬೇಕೋ? ಅದೇ ಗಾಡಿ ಎರಡು ವರ್ಷ ಓಡಿಸಿದ ನಮ್ಮ ಕಡೆಯವರು ಏನಂತಾರ?

ಮೂರಕ್ಕೂ ಉತ್ತರ ಸಿಕ್ಕ ಮ್ಯಾಲೆ ಎರಡೂ ಗಾಡಿ ಓಡಿಸಿ ನೋಡಿ, ಮನಸ್ಸಿಗೆ ಬಂದಿದ್ದು ತಗೊಳ್ರಿ. ಜಾವಾ ಅನ್ನೋ ಹೆಸರು ನೋಡಿದ್ರ ನಿಮ್ಮ ಅಪ್ಪಾರ ಮುಖ ಅರಳ್ತದ ಅಂದ್ರ ಅದಕ್ಕೂ ಒಂದಿಷ್ಟು ರೊಕ್ಕ ಕೊಡ್ರಿ, ತಪ್ಪಲ್ಲ. ಎಷ್ಟು ಕೊಡಾಕತ್ತೀನಿ ಅನ್ನೋದು ಗೊತ್ತಿದ್ದು ಕೊಡ್ರಿ, ಅಷ್ಟ. ನಿಮ್ಮ ಮನ್ಯಾಗ ಹಳೇ ಯೆಜ್ಡಿ ಇದ್ರ ಅದರ ಸದ್ದು ರೆಕಾರ್ಡ್ ಮಾಡಿ ಕಳಸ್ರಿ, ಮುಂದಿನ ಎಪಿಸೋಡ್‌ನಾಗ ಎಲ್ಲಾರೂ ಕೇಳೋಣು. ಬರ್ತೀನ್ರಿ.