ಕಾರವಾರ–ಅಂಕೋಲೆಯ ಮಲೇರಿಯಾ: ಗುಲ್ಮದ ಎಣಿಕೆಯಿಂದ ಕ್ಷಿಪ್ರ ಪರೀಕ್ಷೆಗೆ

ಕಾರವಾರ, ಅಂಕೋಲೆಗಳ ಬೆನ್ನಿಗಿರುವ ಘಟ್ಟದ ತೊರೆಗಳು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಒಗ್ಗಿದ ನೆಲೆ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಉತ್ತರ ಕನ್ನಡದಲ್ಲಿ ಮಲೇರಿಯಾದ ಅಳತೆಗೋಲು ಬಹುಕಾಲ ವೈದ್ಯರ ಬೆರಳೇ ಆಗಿತ್ತು. ಮಕ್ಕಳ ಎಡಪಕ್ಕೆಯ ಕೆಳಗೆ ಒತ್ತಿ ನೋಡಿ, ಗುಲ್ಮ ಊದಿದವರನ್ನು ಲೆಕ್ಕ ಹಾಕುತ್ತಿದ್ದರು. ಊರಿನಲ್ಲಿ ಜ್ವರ ನೆಲೆಸಿದೆಯೆಂಬುದು ಇದರಿಂದ ತಿಳಿಯುತ್ತಿತ್ತು; ಎದುರಿಗಿರುವ ರೋಗಿಯ ಸ್ಥಿತಿ ಮಾತ್ರ ತಿಳಿಯುತ್ತಿರಲಿಲ್ಲ. ಹೊಸ ಸೋಂಕಿನಲ್ಲಿ ಗುಲ್ಮ ಕೈಗೆ ಸಿಗದು. ವಾಸಿಯಾದ ಮೇಲೂ ಕೂಡಲೇ ಕುಗ್ಗದು.

1940ರ ದಶಕದಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಈ ಜಿಲ್ಲೆಯಲ್ಲಿಯೂ ಧಾರವಾಡದಲ್ಲಿಯೂ ಡಿಡಿಟಿ ಸಿಂಪಡಣೆ ನಡೆಯಿತು. ರೋಗ ವಿರಳವಾದಂತೆ ಗುಲ್ಮದ ಎಣಿಕೆ ನಿರುಪಯುಕ್ತವಾಯಿತು. 1958ರ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ರಕ್ತಲೇಪನವನ್ನೇ ಆಧರಿಸಿತು. ದಪ್ಪ ಲೇಪನದಲ್ಲಿ ಹೆಚ್ಚು ರಕ್ತ ಕಣ್ಣಿಗೆ ಬೀಳುವುದಾದರೂ ನುರಿತ ಕಣ್ಣು ಬೇಕು, ಸಮಯವೂ ಬೇಕು.

ಆ ಕೊರತೆಯನ್ನು ತುಂಬಲು ಬಂದ ಕ್ಷಿಪ್ರ ಪರೀಕ್ಷಾಪಟ್ಟಿಯು ಮೈಕ್ರೋಲೀಟರ್ ರಕ್ತದಲ್ಲಿ 200ರಷ್ಟು ರೋಗಾಣುಗಳಿದ್ದರೆ ಸಾಮಾನ್ಯವಾಗಿ ಗೆರೆ ತೋರುತ್ತದೆ. ಅದಕ್ಕಿಂತ ಕಡಿಮೆಯಿದ್ದಲ್ಲಿ ತಪ್ಪಬಹುದು. 2017ರ ಅತಿಸೂಕ್ಷ್ಮ ಪಟ್ಟಿಯು ಎಚ್‌ಆರ್‌ಪಿ-2 ಪ್ರೋಟೀನನ್ನು ಸುಮಾರು ಹತ್ತುಪಟ್ಟು ಸೂಕ್ಷ್ಮವಾಗಿ ಗುರುತಿಸಿತು. ಆದರೆ ಆ ಪ್ರೋಟೀನು ಫಾಲ್ಸಿಪಾರಂ ರೋಗಾಣುವಿನದು. ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಹೆಚ್ಚಾಗಿ ಕಂಡುಬಂದ ವೈವ್ಯಾಕ್ಸ್‌ನಲ್ಲಿ ಅದಿಲ್ಲ. ವೈವ್ಯಾಕ್ಸ್‌ನ ಪತ್ತೆಗೆ ಪಿಎಲ್‌ಡಿಎಚ್ ಎಂಬ ಕಿಣ್ವದ ಗೆರೆಯನ್ನೇ ನೆಚ್ಚಬೇಕು; ರೋಗಾಣುಗಳು ರಕ್ತದಲ್ಲಿ ವಿರಳವಾಗಿರುವುದು ಈ ಸೋಂಕಿನಲ್ಲಿಯೇ ಹೆಚ್ಚು.