ಉಬುಂಟುವಿನಲ್ಲಿ ಪರದೆ ಯಾಕೆ ಕಪ್ಪಾಗುತ್ತದೆ? ಡ್ರೈವರ್‌ಗಳ ಮೂವತ್ತು ವರ್ಷದ ಕಥೆ

ಲ್ಯಾಪ್‌ಟಾಪ್ ಆನ್ ಮಾಡಿದರೆ ಕಂಪನಿಯ ಲೋಗೋ ಬರುತ್ತದೆ. ವಿಂಡೋಸ್ ಆರಿಸಿದರೆ ಎಲ್ಲ ಸರಿ. ಉಬುಂಟು ಆರಿಸಿದರೆ ಪರದೆ ಕಪ್ಪು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ ಹತ್ತಿ ಬಳ್ಳಾರಿಗೆ ರಿಪೇರಿಗೆ ಬರುವ ವಿದ್ಯಾರ್ಥಿಗಳಿಂದ ನಾವು ಈ ದೂರು ಕೇಳುತ್ತಲೇ ಇರುತ್ತೇವೆ. ಅಂಗಡಿಯವರು 'ಮದರ್‌ಬೋರ್ಡ್ ಹೋಗಿದೆ' ಅಂದುಬಿಟ್ಟರೆ ಸಾವಿರಾರು ರೂಪಾಯಿ ಖರ್ಚು. ಹಣ ಕೊಡುವ ಮೊದಲು ಈ ಕಥೆ ಓದಿ.

ಕಂಪನಿ ಸರ್ಕಾರದ ಕಾಲದಲ್ಲಿ ದೊರೆಗೂ ರೈತನಿಗೂ ನಡುವೆ ದುಭಾಷಿ ನಿಲ್ಲುತ್ತಿದ್ದ. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದೇ ಡ್ರೈವರ್. ವಿಂಡೋಸ್‌ಗೆ ಒಬ್ಬ ದುಭಾಷಿ ಬೇಕು, ಲಿನಕ್ಸ್‌ಗೆ ಇನ್ನೊಬ್ಬ. ಒಬ್ಬ ರಜೆ ಹಾಕಿದರೆ ಇನ್ನೊಬ್ಬನ ಕೆಲಸ ನಿಲ್ಲುವುದಿಲ್ಲ.

1987ರಲ್ಲಿ ಐಬಿಎಂ ಕಂಪನಿ ವಿಜಿಎ ಎಂಬ ಚಿತ್ರ ವ್ಯವಸ್ಥೆ ತಂದಿತು. 640 ಅಡ್ಡ, 480 ಉದ್ದದ ಚುಕ್ಕಿಗಳು, 16 ಬಣ್ಣ. ಮುಂದೆ ಬೇರೆ ಕಂಪನಿಗಳೂ ಅದನ್ನೇ ಅನುಸರಿಸಿದ್ದರಿಂದ ಅದು ಎಲ್ಲರಿಗೂ ತಿಳಿಯುವ ಭಾಷೆಯಾಯಿತು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದರು. ನಮ್ಮ ಕನ್ನಡ ಅಕ್ಷರಗಳು ಯೂನಿಕೋಡ್‌ನ ಮೊದಲ ಆವೃತ್ತಿ ಸೇರಿದ್ದೂ ಅದೇ ವರ್ಷ. ಆಗ ಲಿನಕ್ಸ್‌ನಲ್ಲಿ ಚಿತ್ರ ಮೂಡಿಸಲು ಮಾನಿಟರ್‌ನ ಅಂಕಿಅಂಶಗಳನ್ನು ಬಳಸುವವರೇ ಕೈಯಾರೆ ಬರೆಯಬೇಕಿತ್ತು. ತಪ್ಪು ಅಂಕಿ ಬರೆದರೆ ಹಳೆಯ ಡಬ್ಬಿ ಮಾನಿಟರ್ ಕೆಡುವ ಭಯವೂ ಇತ್ತು.

1999ರಲ್ಲಿ ಎನ್ವಿಡಿಯಾ 'ಜಿಪಿಯು' ಎಂಬ ಹೆಸರಿಟ್ಟು ಜೀಫೋರ್ಸ್ 256 ಚಿಪ್ ಮಾರಿತು. ಚಿಪ್‌ಗಳು ಬಲವಾದವು, ಗುಟ್ಟೂ ಹೆಚ್ಚಿತು. ಒಳಗೆ ಹೇಗೆ ನಡೆಯುತ್ತದೆಂದು ಕಂಪನಿ ಹೇಳಲಿಲ್ಲ. ಲಿನಕ್ಸ್‌ಗೂ ಡ್ರೈವರ್ ಕೊಟ್ಟಿತು, ಆದರೆ ಬೀಗ ಹಾಕಿದ ಪೆಟ್ಟಿಗೆಯಂತೆ. ಸ್ವಯಂಸೇವಕರು ಚಿಪ್‌ನ ವರ್ತನೆ ನೋಡಿ ನೋಡಿಯೇ 'ನುವೋ' ಎಂಬ ತೆರೆದ ಡ್ರೈವರ್ ಕಟ್ಟಿದರು. 2010ರಲ್ಲಿ ಅದು ಲಿನಕ್ಸ್‌ನ ಭಾಗವಾಯಿತು. ಎಎಂಡಿ ಕಂಪನಿ 2007ರಲ್ಲೇ ತನ್ನ ಚಿಪ್‌ಗಳ ವಿವರ ತೆರೆದಿಡಲು ಆರಂಭಿಸಿತ್ತು.

2010ರಲ್ಲೇ ಬಂದದ್ದು ಎನ್ವಿಡಿಯಾದ ಆಪ್ಟಿಮಸ್. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಚಿಪ್: ಬ್ಯಾಟರಿ ಉಳಿಸಲು ಇಂಟೆಲ್, ಭಾರದ ಕೆಲಸಕ್ಕೆ ಎನ್ವಿಡಿಯಾ. ಲಿನಕ್ಸ್‌ಗೆ ಆರಂಭದಲ್ಲಿ ಈ ಸೌಲಭ್ಯವೇ ಸಿಗಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಟೋರ್ವಾಲ್ಡ್ಸ್ ವೇದಿಕೆಯ ಮೇಲಿಂದಲೇ ಎನ್ವಿಡಿಯಾವನ್ನು ಬೈದರು. ಕೊನೆಗೆ 2022ರ ಮೇ ತಿಂಗಳಲ್ಲಿ ಕಂಪನಿ ಹೊಸ ಚಿಪ್‌ಗಳ ಡ್ರೈವರ್‌ನ ಒಂದು ಭಾಗವನ್ನು ತೆರೆದಿಟ್ಟಿತು. ನಮ್ಮ ಹುಡುಗರ ಕೈಗೆ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಅದಕ್ಕಿಂತ ಹಳೆಯವು.

ಹಾಗಾದರೆ ಎರಡು ವ್ಯವಸ್ಥೆ ಯಾಕೆ ಬೇಕು? ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ವಿಂಡೋಸ್‌ಗೆ ಬಂದದ್ದು. ಕಚೇರಿ, ಡಿಟಿಪಿ ಕೆಲಸ ಅದರ ಮೇಲೆ ಬೆಳೆಯಿತು. ಇತ್ತ 2010ರ ದಶಕದಲ್ಲಿ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ತರಬೇತಿಯಲ್ಲಿ ಉಬುಂಟು ಕಲಿಸಲಾಯಿತು. ಪ್ರೋಗ್ರಾಮಿಂಗ್ ಕಲಿಯಲು ಲಿನಕ್ಸ್ ಬೇಕು, ದುಡಿಮೆಗೆ ವಿಂಡೋಸ್ ಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದ ಗಡಿನಾಡಿಗೆ ಈ ಎರಡರ ಸಂಸಾರ ಹೊಸದಲ್ಲ.

ಈಗ ಈ ಇತಿಹಾಸದಿಂದ ನಿಮ್ಮ ಕೈಗೆ ಸಿಗುವ ಉಪಾಯ ನೋಡಿ.

ಮೊದಲು ಸಾಕ್ಷಿ ಕೇಳಿ. ವಿಂಡೋಸ್‌ನಲ್ಲಿ ವಿಡಿಯೋ, ಆಟ ಎಲ್ಲ ಸರಿಯಾಗಿ ನಡೆದರೆ ಬೋರ್ಡ್ ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಲೋಗೋ ಬರುವಾಗಲೇ ಗೆರೆ, ಮಚ್ಚೆ ಕಂಡರೆ ಮಾತ್ರ ಯಂತ್ರದ ಮೇಲೆ ಅನುಮಾನ ಪಡಿ.

ಅಪ್‌ಡೇಟ್ ಆದ ಮೇಲೆ ಕಪ್ಪಾಯಿತೇ? ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದಾಗ ಬೀಗದ ಪೆಟ್ಟಿಗೆಯ ಡ್ರೈವರ್ ಮತ್ತೆ ಹೊಂದಿಕೊಳ್ಳಬೇಕು. ಆರಂಭದ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒತ್ತಿ ಹಳೆಯ ಕರ್ನಲ್ ಆರಿಸಿ ನೋಡಿ.

ಅದೂ ಆಗದಿದ್ದರೆ ಪಟ್ಟಿಯಲ್ಲಿ ಉಬುಂಟು ಮೇಲೆ ನಿಂತು 'ಇ' ಕೀ ಒತ್ತಿ. 'ಕ್ವೈಟ್ ಸ್ಪ್ಲ್ಯಾಶ್' ಪದಗಳ ಮುಂದೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒಂದೇ ಪದವಾಗಿ ಬರೆದು ಎಫ್10 ಒತ್ತಿ. ಆಗ ಯಂತ್ರ ಹೊಸ ದುಭಾಷಿಯನ್ನು ಬಿಟ್ಟು ಸರಳ ಭಾಷೆಯಲ್ಲಿ ಮಾತಾಡುತ್ತದೆ. ಚಿತ್ರ ದಪ್ಪ, ವೇಗ ಕಡಿಮೆ, ಆದರೆ ಪರದೆ ಬರುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಕೂಡಲೇ 'ಅಡಿಷನಲ್ ಡ್ರೈವರ್ಸ್' ತೆರೆದು ಶಿಫಾರಸು ಮಾಡಿದ ಡ್ರೈವರ್ ಹಾಕಿ.

ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. 2012ರಲ್ಲಿ ವಿಂಡೋಸ್ 8 ಜೊತೆ ವ್ಯಾಪಕವಾದ 'ಸೆಕ್ಯೂರ್ ಬೂಟ್' ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಮತ್ತೆ ಆನ್ ಆಗುವಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ಎಂಟರ್ ಒತ್ತಿ ಮುಂದೆ ಹೋದರೆ ಡ್ರೈವರ್ ಹೊರಗೇ ಉಳಿಯುತ್ತದೆ.

ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು, ದುಡ್ಡು ಬೇಡ. ಏನೇ ಮಾಡುವ ಮೊದಲು ನೋಟ್ಸ್, ಪ್ರಾಜೆಕ್ಟ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಂಗಡಿಗೆ ಹೋಗಲೇಬೇಕಾದರೆ ಬಾಗಿಲಲ್ಲೇ ಹೇಳಿ: 'ವಿಂಡೋಸ್‌ನಲ್ಲಿ ಪರದೆ ಚೆನ್ನಾಗಿದೆ, ಡ್ರೈವರ್ ನೋಡಿ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ.'